ಇಳಕಲ್ ಸೀರೆಗೆ ಜಗವೇ ಪೇಟೆ: ಸಣ್ಣ ವ್ಯಾಪಾರಿಯ ಸ್ವಂತ ಜಾಲತಾಣ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಬೆಳಿಗ್ಗೆ ಮಗ್ಗದಿಂದ ಇಳಿದ ಸೀರೆಯನ್ನು ಸಂಜೆಯೊಳಗೆ ಧಾರವಾಡದ ಅತ್ತಿಗೆಯೂ ದುಬೈಯ ನಾದಿನಿಯೂ ಏಕಕಾಲಕ್ಕೆ ನೋಡಬಹುದು. ಯಾರಿಗೆ ಯಾವ ಬಣ್ಣ ಒಪ್ಪುತ್ತದೆಂದು ಫೋನಿನಲ್ಲೇ ಚರ್ಚಿಸಿ, ದರ ನೋಡಿ, ಹಣ ಪಾವತಿಸಿ ಮುಗಿಸಬಹುದು. ನೇಯ್ದವರಿಗೂ ಉಡುವವರಿಗೂ ನಡುವೆ ದಲ್ಲಾಳಿಯಿಲ್ಲ, ಮಹಾನಗರದ ಬಾಡಿಗೆ ಮಳಿಗೆಯಿಲ್ಲ. ಇಷ್ಟನ್ನೂ ಸಾಧ್ಯವಾಗಿಸುವುದು ವರ್ಷಕ್ಕೆ ಕೆಲವೇ ಸಾವಿರ ರೂಪಾಯಿಗಳಲ್ಲಿ ನಿರ್ವಹಿಸಬಹುದಾದ ಒಂದು ಜಾಲತಾಣ. ವಾಣಿಜ್ಯದ ಸುದೀರ್ಘ ಇತಿಹಾಸದಲ್ಲಿ ಸಣ್ಣ ವ್ಯಾಪಾರಿಯ ಕೈಗೆ ಇಂಥ ಸಾಮರ್ಥ್ಯ ಹಿಂದೆಂದೂ ದಕ್ಕಿರಲಿಲ್ಲ.

ಇಳಕಲ್ ಸೀರೆಯನ್ನೇ ಉದಾಹರಣೆಯಾಗಿ ಆರಿಸಿಕೊಳ್ಳಲು ಕಾರಣವಿದೆ. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಜೋಡಿಸಲಾಗುತ್ತದೆ. ಸಾವಿರಾರು ಎಳೆಗಳ ಈ ಸೂಕ್ಷ್ಮ ಕೆಲಸವೇ ‘ಕೊಂಡಿ’ ವಿಧಾನ. ಹತ್ತಿಯ ಒಡಲು, ರೇಷ್ಮೆಯ ಸೆರಗು, ಅದರಲ್ಲಿ ಕೆಂಪು ಬಿಳುಪಿನ ಪಟ್ಟೆಗಳ ತೋಪ್ ತೆನಿ ವಿನ್ಯಾಸ, ಚಿಕ್ಕಿ, ಗೋಮಿ, ಗಾಡಿ ಎಂಬ ದಡಿಗಳು, ಸೀರೆಯ ಮೇಲೆ ತೇರು, ಗೋಪುರ, ಆನೆಗಳ ಕಸೂತಿ! ಅಂಗಡಿಯಲ್ಲಿ ಇದನ್ನು ಮಾರುವಾಗ ಗಾದಿಯ ಮೇಲೆ ಕುಳಿತವರು ಸೀರೆಯನ್ನು ಬಿಚ್ಚಿ ಹರವುತ್ತಾರೆ, ಸೆರಗನ್ನು ಎತ್ತಿ ಹಿಡಿಯುತ್ತಾರೆ, ದಡಿಯನ್ನು ತಿರುಗಿಸಿ ಹಿಂಬದಿ ತೋರಿಸುತ್ತಾರೆ, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರಿಸುತ್ತಾರೆ. ಉತ್ತಮ ಜಾಲತಾಣವೆಂದರೆ ಆ ಗಾದಿಯ ಮೇಲಿನ ಮಾತುಗಾರಿಕೆಯನ್ನು ಅಕ್ಷರಕ್ಕೂ ಚಿತ್ರಕ್ಕೂ ಇಳಿಸಿದ ಪುಟ. ಉಳಿದ ತಂತ್ರಜ್ಞಾನವೆಲ್ಲ ಇದರ ಸೇವೆಗೆ ನಿಂತದ್ದು.

ಈ ಅವಕಾಶದ ಹಿಂದೊಂದು ಉದಾತ್ತ ನಿರ್ಧಾರವಿದೆ. 1989ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲದ ಪ್ರಸ್ತಾವ ಮಂಡಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಜ್ಞಾನವನ್ನು ಯಾವುದೇ ಶುಲ್ಕ, ರಾಯಧನಗಳಿಲ್ಲದೆ ಇಡೀ ಲೋಕಕ್ಕೆ ಬಿಟ್ಟುಕೊಟ್ಟಿತು. ಆ ದಿನ ಅದಕ್ಕೊಂದು ದರ ನಿಗದಿಯಾಗಿದ್ದರೆ ಇಂದು ಇಳಕಲ್ಲಿನ ನೇಕಾರ ಕುಟುಂಬವೊಂದು ತನ್ನ ಹೆಸರಿನಲ್ಲಿ ತಾಣ ತೆರೆಯುವುದು ಕನಸಿನ ಮಾತಾಗಿರುತ್ತಿತ್ತು. ಮರುವರ್ಷವೇ, 1994ರ ಆಗಸ್ಟ್ 11ರಂದು, ಗಾಯಕ ಸ್ಟಿಂಗ್ ಅವರ ಸಿ.ಡಿ.ಯೊಂದು ಅಮೆರಿಕದಲ್ಲಿ ಗೂಢಲಿಪಿಯ ರಕ್ಷಣೆಯಲ್ಲಿ ಕ್ರೆಡಿಟ್ ಕಾರ್ಡ್ ಮೂಲಕ ಜಾಲದಲ್ಲೇ ಮಾರಾಟವಾಯಿತು. ಸುರಕ್ಷಿತ ಆನ್‌ಲೈನ್ ವ್ಯಾಪಾರದ ಆರಂಭವೆಂದು ಬಹುಮಂದಿ ಗುರುತಿಸುವುದು ಈ ಪುಟ್ಟ ಖರೀದಿಯನ್ನೇ. ಭಾರತದ ಸಾರ್ವಜನಿಕರಿಗೆ ವಿ.ಎಸ್.ಎನ್.ಎಲ್. ಮೂಲಕ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. 2016ರಲ್ಲಿ ಯು.ಪಿ.ಐ. ಪಾವತಿ ವ್ಯವಸ್ಥೆಯೂ ಅಗ್ಗದ 4ಜಿ ಸಂಪರ್ಕವೂ ಒಟ್ಟಿಗೇ ಬಂದು, ತಾಲ್ಲೂಕು ಕೇಂದ್ರದ ವ್ಯಾಪಾರಿಯನ್ನೂ ಹಳ್ಳಿಯ ಗ್ರಾಹಕರನ್ನೂ ಒಂದೇ ಅಂಗಳಕ್ಕೆ ತಂದವು.

ಇಂದು ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್, ಬೃಹತ್ ಮಾರುಕಟ್ಟೆ ತಾಣಗಳು ಇರುವಾಗ ಸ್ವಂತ ಜಾಲತಾಣ ಏಕೆ ಎಂಬ ಪ್ರಶ್ನೆ ಸಹಜ. ಅವೆಲ್ಲವೂ ಉಪಯುಕ್ತ; ಯಾವುದನ್ನೂ ತೊರೆಯಬೇಕಿಲ್ಲ. ಆದರೆ ಅಲ್ಲಿನ ನಿಯಮ ಬದಲಾದರೆ, ಖಾತೆ ಸ್ಥಗಿತವಾದರೆ, ಕಮಿಷನ್ ಏರಿದರೆ ವ್ಯಾಪಾರಿಯ ಮಾತಿಗೆ ಬೆಲೆಯಿಲ್ಲ. ವರ್ಷಗಳ ಕಾಲ ಗಳಿಸಿದ ಗ್ರಾಹಕರ ಪರಿಚಯವೂ ಆ ತಾಣಗಳದ್ದೇ ಸೊತ್ತು. ಸ್ವಂತ ತಾಣದಲ್ಲಿ ಹೆಸರು, ಗಿರಾಕಿ, ಲೆಕ್ಕ ಮೂರೂ ತಮ್ಮವೇ. ಅಲ್ಲಿಂದ ಪರಿಚಯ, ಇಲ್ಲಿ ವ್ಯಾಪಾರ. ಈ ಕ್ರಮವೇ ಶ್ರೇಯಸ್ಕರ.

ಹಾಗಾದರೆ ಮೊದಲ ಹೆಜ್ಜೆ ಡೊಮೈನ್ ಹೆಸರು. ಹೇಳಲು, ಬರೆಯಲು, ಫೋನಿನಲ್ಲಿ ಕೇಳಿಸಿಕೊಳ್ಳಲು ಸುಲಭವಾದ ಚಿಕ್ಕ ಹೆಸರೇ ಅತ್ಯುತ್ತಮ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಕೊನೆಗೊಳ್ಳುವ ವಿಳಾಸವೂ ಇಂದು ಲಭ್ಯ. ಡಾಟ್ ಇನ್ ಅಥವಾ ಡಾಟ್ ಕಾಮ್ ಜೊತೆಗೆ ಅದನ್ನೂ ಇಟ್ಟುಕೊಳ್ಳುವುದು ಶೋಭೆ. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ತಾಣ ಕಟ್ಟಿಕೊಡುವ ಹುಡುಗ ಎಷ್ಟೇ ಆಪ್ತನಾಗಿರಲಿ, ಡೊಮೈನ್ ನೋಂದಣಿ ಅಂಗಡಿಯ ಮಾಲೀಕರ ಹೆಸರಿನಲ್ಲಿ, ಅವರದ್ದೇ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲಿ ಆಗಬೇಕು. ಪ್ರತಿವರ್ಷ ತಾನಾಗಿಯೇ ನವೀಕರಣಗೊಳ್ಳುವ ವ್ಯವಸ್ಥೆ ಇರಬೇಕು. ಆತ ಊರು ಬಿಟ್ಟು ಹೋದ ಮೇಲೆ ಪಾಸ್‌ವರ್ಡ್ ಹುಡುಕುವ ಸ್ಥಿತಿ ಯಾರಿಗೂ ಬೇಡ. ತಾಣಕ್ಕೆ ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಆದರೂ ಸರಿ, ಮಾಸಿಕ ಶುಲ್ಕದ ಶಾಪಿಫೈ ಆದರೂ ಸರಿ. ಮೊದಲನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು, ಆದರೆ ಅಪ್‌ಡೇಟ್ ಮತ್ತು ಬ್ಯಾಕಪ್‌ನ ಹೊಣೆ ತಮ್ಮದೇ. ಎರಡನೆಯದರಲ್ಲಿ ತಲೆನೋವು ಕಡಿಮೆ, ಖರ್ಚು ಹೆಚ್ಚು. ಹತ್ತು ಹದಿನೈದು ಸೀರೆಗಳಿಂದ ಆರಂಭಿಸುವವರು ಯಾವುದನ್ನು ಆರಿಸಿದರೂ ನಷ್ಟವಿಲ್ಲ.

ನಿಜವಾದ ವೈಭವವಿರುವುದು ಸರಕಿನ ಪುಟದಲ್ಲಿ. ‘ಸುಂದರ ಇಳಕಲ್ ಸೀರೆ, ಉತ್ತಮ ಗುಣಮಟ್ಟ’ ಎಂದು ಬರೆದರೆ ಕೊಳ್ಳುವವರಿಗೆ ತಿಳಿದದ್ದು ಏನೂ ಇಲ್ಲ. ಒಡಲು ಶುದ್ಧ ಹತ್ತಿಯೇ, ಮಿಶ್ರ ನೂಲೇ? ಸೆರಗು ಅಪ್ಪಟ ರೇಷ್ಮೆಯೇ, ಕೃತಕ ರೇಷ್ಮೆಯೇ? ಕೈಮಗ್ಗವೇ, ವಿದ್ಯುತ್ ಮಗ್ಗವೇ? ಉದ್ದ ಆರು ಗಜವೇ, ಹಿರಿಯರು ಉಡುವ ಒಂಬತ್ತು ಗಜವೇ? ರವಿಕೆಯ ಬಟ್ಟೆ ಸೇರಿದೆಯೇ? ಯಾವ ದಡಿ? ಕಸೂತಿ ಕೈಯದ್ದೇ, ಯಂತ್ರದ್ದೇ? ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆಯೇ? ಫಾಲ್, ಪೀಕೋ, ಕುಚ್ಚು ಹಾಕಿ ಕೊಡುತ್ತೀರಾ, ಅದಕ್ಕೆ ಎಷ್ಟು ದಿನ? ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳೇ ಪುಟದ ಅತ್ಯುತ್ತಮ ಸಾಮಗ್ರಿ. ಒಂದು ತಿಂಗಳ ಸಂದೇಶಗಳನ್ನು ತೆರೆದು ಕುಳಿತರೆ ಬರೆಯಬೇಕಾದದ್ದೆಲ್ಲ ಅಲ್ಲೇ ಸಿಗುತ್ತದೆ. ವಿದ್ಯುತ್ ಮಗ್ಗದ ಸೀರೆ ಮಾರುವುದರಲ್ಲಿ ಅಗೌರವವೇನಿಲ್ಲ. ಅದನ್ನು ಕೈಮಗ್ಗದ್ದೆಂದು ಮಾರುವುದರಲ್ಲಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದನ್ನೂ ಹ್ಯಾಂಡ್‌ಲೂಮ್ ಮಾರ್ಕನ್ನೂ ಬಳಸುವ ಅಧಿಕಾರವಿದ್ದವರು ಪುಟದಲ್ಲೇ ಎದ್ದು ಕಾಣುವಂತೆ ತೋರಿಸಬೇಕು. ಸೀರೆಯ ಪಕ್ಕದಲ್ಲೇ ಅದಕ್ಕೊಪ್ಪುವ ಗುಳೇದಗುಡ್ಡದ ಖಣವನ್ನು ಇಟ್ಟರಂತೂ ಬಾಗಲಕೋಟೆಯ ಹೆಣ್ಣುಮಕ್ಕಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಜೋಡಿಯೇ ಪರದೆಯ ಮೇಲೆ ಮೂಡುತ್ತದೆ, ವ್ಯಾಪಾರವೂ ಸಹಜವಾಗಿ ಹೆಚ್ಚುತ್ತದೆ.

ದರದ ವಿಷಯದಲ್ಲಿ ಸಂಕೋಚ ಸಲ್ಲ. ‘ಬೆಲೆಗಾಗಿ ಮೆಸೇಜ್ ಮಾಡಿ’ ಎಂಬ ಸಾಲು ನೋಡಿದೊಡನೆ ಅನೇಕರು ಮುಂದೆ ಸಾಗುತ್ತಾರೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳೂ ತೆರಿಗೆ, ಸಾಗಣೆ ಸೇರಿದ ಒಟ್ಟು ದರ ತೋರಿಸಬೇಕೆಂದು ಹೇಳುತ್ತವೆ.

ಚಿತ್ರಗಳಿಗೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಉತ್ತರ ದಿಕ್ಕಿನ ಕಿಟಕಿಯ ಬೆಳಕು, ಬಿಳಿ ಗೋಡೆ, ಸ್ಥಿರವಾಗಿ ನಿಲ್ಲಿಸಿದ ಮೊಬೈಲ್ ಸಾಕು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರದಲ್ಲಿ ದಾಳಿಂಬೆ ಕೆಂಪು ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ. ಪಾರ್ಸೆಲ್ ಹಿಂದಿರುಗುವ ಬಹುಮುಖ್ಯ ಕಾರಣಗಳಲ್ಲಿ ಇದೂ ಒಂದು. ಪೂರ್ತಿ ಸೀರೆ, ಹರವಿದ ಸೆರಗು, ದಡಿಯ ಸಮೀಪನೋಟ, ಹಿಂಬದಿ, ಯಾರಾದರೂ ಉಟ್ಟು ನಿಂತ ಭಂಗಿ ಇಷ್ಟಿರಲಿ. ಒಡಲೂ ಸೆರಗೂ ಕೂಡುವ ಕೊಂಡಿಯ ಗೆರೆಯನ್ನು ಮಾತ್ರ ತೀರಾ ಹತ್ತಿರದಿಂದ ತೋರಿಸಲೇಬೇಕು, ಏಕೆಂದರೆ ತಿಳಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೊಬೈಲ್ ಚಿತ್ರಗಳನ್ನು ಇದ್ದಂತೆಯೇ ಏರಿಸುವುದು ತರವಲ್ಲ. ಒಂದೊಂದೂ ನಾಲ್ಕೈದು ಎಂ.ಬಿ. ತೂಗುತ್ತದೆ, ಬಸ್ಸಿನಲ್ಲಿ ಕುಳಿತ ಗ್ರಾಹಕರ ಫೋನಿನಲ್ಲಿ ಪುಟ ತೆರೆದುಕೊಳ್ಳುವುದೇ ಇಲ್ಲ. ಅಗಲವನ್ನು 1200 ಪಿಕ್ಸೆಲ್‌ಗಳ ಆಸುಪಾಸಿಗೆ ಇಳಿಸಿ, ವೆಬ್‌ಪಿ ರೂಪಕ್ಕೆ ಬದಲಿಸಿದರೆ ಗುಣಮಟ್ಟ ಕೆಡದೆ ತೂಕ ಬಹಳಷ್ಟು ಇಳಿಯುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡುಗಳೊಳಗೆ ಕಾಣಿಸಬೇಕೆಂಬುದು ಗೂಗಲ್‌ನ ಮಾನದಂಡ. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಅದರ ಉಚಿತ ಸಾಧನದಲ್ಲಿ ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು.

ಕನ್ನಡ ವ್ಯಾಪಾರಿಗಳಿಗೆಂದೇ ಹೇಳಬೇಕಾದ ಮಹತ್ವದ ಮಾತೊಂದಿದೆ. ಸೀರೆಯ ವಿವರ, ದರ, ಫೋನ್ ಸಂಖ್ಯೆಗಳನ್ನೆಲ್ಲ ಬಣ್ಣಬಣ್ಣದ ಪೋಸ್ಟರಿನೊಳಗೆ ಬರೆಸಿ ಆ ಚಿತ್ರವನ್ನೇ ತಾಣದಲ್ಲಿ ಹಾಕುವ ರೂಢಿ ವ್ಯಾಪಕ. ಪೋಸ್ಟರಿನೊಳಗಿನ ಅಕ್ಷರವನ್ನು ಶೋಧಯಂತ್ರ ಓದಿಕೊಳ್ಳುತ್ತದೆಂಬ ಭರವಸೆಯಿಲ್ಲ; ದೃಷ್ಟಿದೋಷವಿರುವವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಎಟುಕದು. ಹಳೆಯ ಎನ್‌ಕೋಡಿಂಗ್‌ನ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ನೇರವಾಗಿ ಅಂಟಿಸಿದರೂ ಅದೇ ಗತಿ. ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ಪುಟದ ಶೀರ್ಷಿಕೆಯಲ್ಲಿ ಕನ್ನಡ ಹೆಸರೂ ಇಂಗ್ಲಿಷ್ ಹೆಸರೂ ಎರಡೂ ಇರಲಿ, ಏಕೆಂದರೆ ಒಂದೇ ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಹುಡುಕುತ್ತಾರೆ, ಮಗಳು ಇಂಗ್ಲಿಷ್ ಅಕ್ಷರಗಳಲ್ಲಿ. ಅಂಗಡಿಯ ವಿಳಾಸ, ವೇಳೆ, ಚಿತ್ರಗಳೊಂದಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆಯುವುದು ಉಚಿತ. ಇಳಕಲ್ಲಿಗೆ ಬರುವ ಪ್ರವಾಸಿಗರು ನಕ್ಷೆಯಲ್ಲೇ ಅಂಗಡಿ ಹುಡುಕುತ್ತಾರೆ.

ಅಪರಿಚಿತರೊಬ್ಬರು ಐದು ಸಾವಿರ ರೂಪಾಯಿ ಮುಂಗಡವಾಗಿ ಕಳಿಸುವುದೆಂದರೆ ಅದು ವಿಶ್ವಾಸದ ಕೆಲಸ, ಆ ವಿಶ್ವಾಸವನ್ನು ತಾಣವೇ ಗಳಿಸಬೇಕು. ಬ್ರೌಸರಿನ ವಿಳಾಸಪಟ್ಟಿಯಲ್ಲಿ ‘ಸುರಕ್ಷಿತವಲ್ಲ’ ಎಂಬ ಸೂಚನೆ ಕಂಡರೆ ಯಾರೂ ಹಣ ಹಾಕುವುದಿಲ್ಲ. ಕ್ರೋಮ್ ಬ್ರೌಸರ್ 2018ರಿಂದ ಎಚ್.ಟಿ.ಟಿ.ಪಿ.ಎಸ್. ಎಂಬ ಗೂಢಲಿಪಿ ರಕ್ಷಣೆ ಇಲ್ಲದ ತಾಣಗಳಿಗೆಲ್ಲ ಈ ಮುದ್ರೆ ಒತ್ತುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರ ಉಚಿತವಾಗಿರುವಾಗ ಇದಕ್ಕೆ ಖರ್ಚಿನ ನೆಪವೂ ಇಲ್ಲ. ಅಂಗಡಿಯ ಪೂರ್ಣ ಹೆಸರು, ಬೀದಿ ಸಹಿತ ವಿಳಾಸ, ಎತ್ತಿಕೊಳ್ಳುವ ಫೋನ್ ಸಂಖ್ಯೆ, ದೂರು ಕೇಳುವವರ ಹೆಸರು ಪುಟದಲ್ಲಿರಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬುದು ನಿಯಮ. ಅನ್ಯರಾಜ್ಯಗಳಿಗೆ ಮಾರುವವರು ಜಿ.ಎಸ್.ಟಿ. ನೋಂದಣಿಯ ವಿಷಯವನ್ನು ಲೆಕ್ಕಪರಿಶೋಧಕರ ಬಳಿ ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು.

ಪಾವತಿಗೆ ಯು.ಪಿ.ಐ. ಮುಂದಿರಲಿ, ಕಾರ್ಡ್‌ಗಳಿಗಾಗಿ ಪೇಮೆಂಟ್ ಗೇಟ್‌ವೇ ಇರಲಿ. ಗೇಟ್‌ವೇ ಶುಲ್ಕ ಸಾಮಾನ್ಯವಾಗಿ ಶೇ. 2ರ ಆಸುಪಾಸು, ಅದನ್ನು ಲೆಕ್ಕದಲ್ಲಿ ಹಿಡಿದೇ ದರ ಇಡಬೇಕು. ಕ್ಯಾಶ್ ಆನ್ ಡೆಲಿವರಿ ಕೊಡುವವರು ಪಾರ್ಸೆಲ್ ನಿರಾಕರಣೆಯಾದರೆ ಎರಡೂ ಕಡೆಯ ಸಾಗಣೆ ವೆಚ್ಚ ತಮ್ಮ ತಲೆಗೇ ಎಂಬುದನ್ನು ಮರೆಯಬಾರದು. ರವಾನೆಗೆ ಮುನ್ನ ಒಂದು ಫೋನ್ ಕರೆ ಎಷ್ಟೋ ನಷ್ಟ ತಪ್ಪಿಸುತ್ತದೆ. ಖಾಸಗಿ ಕೊರಿಯರ್ ತಲುಪದ ಊರಿಗೂ ಸ್ಪೀಡ್ ಪೋಸ್ಟ್ ತಲುಪುತ್ತದೆ. ಹಿಂದಿರುಗಿಸುವ ನಿಯಮ ನಾಲ್ಕೇ ಸಾಲಿನಲ್ಲಿ, ಮನೆಮಾತಿನಲ್ಲಿ ಇರಲಿ: ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ, ಫಾಲ್ ಹೊಲಿದ ಸೀರೆ ವಾಪಸು ಬರುತ್ತದೆಯೋ ಇಲ್ಲವೋ, ಹಣ ಯಾವಾಗ ಮರಳುತ್ತದೆ.

ಕೊನೆಯಾಗದ ‘ಇನ್ನು ಹತ್ತೇ ನಿಮಿಷ’ ಗಡಿಯಾರ, ಸುಳ್ಳು ‘ಕೊನೆಯ ಎರಡು ಸೀರೆ’, ಬಿಲ್ಲಿನ ಕೊನೆಯಲ್ಲಿ ದಿಢೀರನೆ ಸೇರುವ ಶುಲ್ಕ, ಇವೆಲ್ಲ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ವಂಚಕ ವಿನ್ಯಾಸಗಳ ಪಟ್ಟಿಗೆ ಸೇರುತ್ತವೆ. ಕೈಯಿಂದ ನೇಯ್ದ ಸೀರೆಗೆ ಅಂಥ ಆಮಿಷದ ಅಗತ್ಯವೇ ಇಲ್ಲ. ಅದು ನಿಜವಾಗಿಯೂ ಒಂದೇ ಒಂದು ಇರುತ್ತದೆ. ಹಾಗೆಯೇ ಸೀರೆ ಕಳಿಸಲು ಜನ್ಮದಿನಾಂಕವೂ ಬೇಡ, ಆಧಾರ್ ಕೂಡ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ: ಬೇಕಾದಷ್ಟನ್ನೇ ಕೇಳಬೇಕು, ಕೇಳಿದ್ದನ್ನು ಕಾಪಾಡಬೇಕು.

ವಿದೇಶದ ಕನ್ನಡಿಗರು ಇಂಥ ತಾಣಗಳಿಗೆ ದೊಡ್ಡ ಆಸರೆ. ಅಲ್ಲಿಗೆ ಕಳಿಸುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಐ.ಇ.ಸಿ. ಸಂಖ್ಯೆಯನ್ನು ಆನ್‌ಲೈನಿನಲ್ಲೇ ಪಡೆಯಬಹುದು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ ಅಂತ್ಯಕ್ಕೆ ನಿಂತಿದೆ. ಹೀಗಾಗಿ ಸುಂಕ ಯಾರು ತೆರಬೇಕೆಂಬುದನ್ನು ಸೀರೆಯ ಪುಟದಲ್ಲೇ ಬರೆಯುವುದು ಇಬ್ಬರಿಗೂ ಕ್ಷೇಮ. ಗೂಗಲ್‌ನ ಉಚಿತ ಸರ್ಚ್ ಕನ್ಸೋಲ್ ತೆರೆದರೆ ಯಾವ ಪದ ಟೈಪಿಸಿ, ಯಾವ ದೇಶದಿಂದ ಜನ ಬಂದರೆಂಬುದು ಕಾಣುತ್ತದೆ. ಯುಗಾದಿಯ, ಗೌರಿ ಹಬ್ಬದ ಹುಡುಕಾಟ ಏರತೊಡಗುವ ವಾರವನ್ನು ಅಲ್ಲೇ ಗುರುತಿಟ್ಟುಕೊಳ್ಳಬಹುದು. ಮುಂದಿನ ವರ್ಷ ಅದಕ್ಕೂ ಒಂದೂವರೆ ತಿಂಗಳು ಮೊದಲೇ ಹೊಸ ಸೀರೆಗಳ ಪುಟಗಳು ಸಿದ್ಧವಿದ್ದರೆ, ಶೋಧಯಂತ್ರಕ್ಕೂ ಅವನ್ನು ಕಂಡುಕೊಳ್ಳಲು ಸಮಯ ಸಿಗುತ್ತದೆ, ಕಡಲಾಚೆಯ ಪಾರ್ಸೆಲ್ಲೂ ಹಬ್ಬಕ್ಕೆ ಮುನ್ನ ಮನೆ ಸೇರುತ್ತದೆ.