ಬ್ರಿಟನ್ನಿನಲ್ಲಿ ಹಳೆಯ ಕಾರಿನ ಖರೀದಿ: ಮೊದಲು ವಿಮೆ, ಅನಂತರ ಕೀಲಿಕೈ

ನಮ್ಮ ರಾಜ್ಯದ ಅನೇಕ ಸಣ್ಣ ಉದ್ದಿಮೆದಾರರು ಇಂದು ಹೊರದೇಶಕ್ಕೆ ಸರಕು ಕಳುಹಿಸಿ ಅಷ್ಟಕ್ಕೇ ಸುಮ್ಮನಾಗುತ್ತಿಲ್ಲ. ಗ್ರಾಹಕರಿಗೆ ಹತ್ತಿರವಾಗಿರಬೇಕೆಂಬ ಉದ್ದೇಶದಿಂದ ಅಲ್ಲಿಯೇ ಒಂದು ಪುಟ್ಟ ಕಛೇರಿಯನ್ನೋ ಗೋದಾಮನ್ನೋ ತೆರೆದು, ಒಬ್ಬಿಬ್ಬರು ನೌಕರರನ್ನು ಕಳುಹಿಸುವವರ ಸಂಖ್ಯೆ ಹೆಚ್ಚುತ್ತಿದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಮಗ್ರ ಆರ್ಥಿಕ ಹಾಗೂ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ ನಂತರ ಆ ದೇಶದ ಬಗ್ಗೆ ಆಸಕ್ತಿ ಇನ್ನಷ್ಟು ಬೆಳೆದಿದೆ. ಹೀಗೆ ಹೋದವರು ಮಾಡುವ ಮೊದಲ ದೊಡ್ಡ ಖರೀದಿ ಸಾಮಾನ್ಯವಾಗಿ ಒಂದು ಹಳೆಯ ಕಾರು. ಕಾರಿನ ಬೆಲೆಯ ಬಗ್ಗೆ ಹತ್ತು ಕಡೆ ವಿಚಾರಿಸುವ ನಮ್ಮವರು ವಿಮೆಯ ಬಗ್ಗೆ ಮಾತ್ರ ನಮ್ಮೂರಿನ ರೂಢಿಯನ್ನೇ ನಂಬಿ ನಡೆಯುತ್ತಾರೆ. ಆ ರೂಢಿ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಈ ವಿಷಯದ ಮುಖ್ಯಾಂಶಗಳನ್ನು ವಾಚಕರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ಕಾನೂನುಗಳ ವ್ಯತ್ಯಾಸ

ನಮ್ಮ ಮೋಟಾರು ವಾಹನ ಕಾಯ್ದೆ ಮತ್ತು ಬ್ರಿಟನ್ನಿನ ರಸ್ತೆ ಸಂಚಾರ ಕಾಯ್ದೆ ಎರಡೂ 1988ರವು. ಎರಡೂ ಕಡೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಹಳೆಯ ವಾಹನ ಕೈ ಬದಲಾಯಿಸುವ ಸಂದರ್ಭದಲ್ಲಿ ಎರಡರ ದಾರಿ ಬೇರೆಯಾಗುತ್ತದೆ.

ನಮ್ಮ ಕಾಯ್ದೆಯ 157ನೇ ಕಲಮಿನ ಪ್ರಕಾರ, ವಾಹನ ಮಾರಾಟವಾದ ದಿನದಿಂದಲೇ ಮಾರಾಟಗಾರನ ವಿಮೆ ಖರೀದಿದಾರನ ಹೆಸರಿಗೆ ವರ್ಗವಾಯಿತೆಂದು ಭಾವಿಸಲಾಗುತ್ತದೆ. ದಾಖಲೆಯಲ್ಲಿ ಹೆಸರು ಬದಲಾಯಿಸಲು ಖರೀದಿದಾರನು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಈ ಸೌಲಭ್ಯ ಕೂಡ ಥರ್ಡ್ ಪಾರ್ಟಿ ಹೊಣೆಗೆ ಮಾತ್ರ ಸೀಮಿತವೆಂದೂ, ಸ್ವಂತ ವಾಹನದ ನಷ್ಟಕ್ಕೆ ಅನ್ವಯಿಸುವುದಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಏನೇ ಇರಲಿ, ಖರೀದಿಸಿದ ದಿನ ಕಾರನ್ನು ಮನೆಗೆ ತರುವಷ್ಟರ ಮಟ್ಟಿಗಾದರೂ ನಮ್ಮಲ್ಲಿ ಕಾನೂನಿನ ಆಸರೆ ಇದೆ.

ಬ್ರಿಟನ್ನಿನಲ್ಲಿ ಆ ಆಸರೆ ಇಲ್ಲ. ಅಲ್ಲಿ ಪಾಲಿಸಿಯು ಕಾರಿನ ಜೊತೆ ಹೋಗುವುದಿಲ್ಲ. ಅದು ಪಾಲಿಸಿದಾರನ ಬಳಿಯೇ ಉಳಿಯುತ್ತದೆ. ಚಾಲಕನ ವಯಸ್ಸು, ವಾಸಸ್ಥಳ, ಉದ್ಯೋಗ, ಹಿಂದಿನ ಅಪಘಾತಗಳು, ಲೈಸೆನ್ಸಿನ ಸ್ವರೂಪ ಇವೆಲ್ಲವನ್ನೂ ತೂಗಿ ನೋಡಿ ವಿಮಾ ಕಂಪನಿ ಕಂತು ನಿಗದಿಪಡಿಸುತ್ತದೆ. ಅಪರಿಚಿತ ಖರೀದಿದಾರನ ಹೊಣೆಯನ್ನು ಅದು ಹೊತ್ತಿರುವುದಿಲ್ಲ. ಕಾರಿನ ರಸ್ತೆ ತೆರಿಗೆಯೂ 2014ರ ಅಕ್ಟೋಬರ್ 1ರಿಂದ ಹೊಸಬರಿಗೆ ವರ್ಗವಾಗುವುದಿಲ್ಲ. ಖರೀದಿದಾರನು ವಿಮೆ ಮತ್ತು ತೆರಿಗೆ ಎರಡನ್ನೂ ತನ್ನ ಹೆಸರಿನಲ್ಲಿ ಹೊಸದಾಗಿ ಮಾಡಿಸಿಯೇ ಕಾರನ್ನು ರಸ್ತೆಗೆ ಇಳಿಸಬೇಕು.

ಭಾರತದಲ್ಲಿ ಕಂಪನಿಯ ಎಲ್ಲ ವಾಹನಗಳಿಗೂ ಪಾಲಿಸಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಮೋಟಾರು ಪಾಲಿಸಿಯ ವ್ಯಾಪ್ತಿ ಭಾರತದೊಳಗೆ. ಹೆಚ್ಚುವರಿ ಕಂತು ತೆತ್ತರೆ ನೇಪಾಳ, ಭೂತಾನ್, ಶ್ರೀಲಂಕಾದಂತಹ ನೆರೆ ರಾಷ್ಟ್ರಗಳಿಗೆ ವಿಸ್ತರಿಸಬಹುದು. ಬ್ರಿಟನ್ನಿನ ಕಾರಿಗೂ ಅದಕ್ಕೂ ಸಂಬಂಧವಿಲ್ಲ.

ವಿಮೆ ಇಲ್ಲದೆ ಓಡಿಸಿದರೆ

ವಿಮೆಯಿಲ್ಲದ ಕಾರನ್ನು ಚಲಾಯಿಸಿದರೆ ಸ್ಥಳದಲ್ಲಿ ವಿಧಿಸುವ ದಂಡ 300 ಪೌಂಡ್, ಜೊತೆಗೆ ಲೈಸೆನ್ಸಿನ ಮೇಲೆ 6 ದಂಡಾಂಕ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ದಂಡಕ್ಕೆ ಮಿತಿಯಿಲ್ಲ. ಚಾಲನೆಯ ಹಕ್ಕೂ ರದ್ದಾಗಬಹುದು. ಅಲ್ಲಿನ ಪರೀಕ್ಷೆ ಮುಗಿಸಿ ಮೊದಲ ಲೈಸೆನ್ಸು ಪಡೆದವರಿಗೆ ಎರಡು ವರ್ಷದೊಳಗೆ 6 ದಂಡಾಂಕ ಬಿದ್ದರೆ ಆ ಲೈಸೆನ್ಸೇ ಹೋಗುತ್ತದೆ. ನಂಬರ್ ಪ್ಲೇಟನ್ನು ತಾವೇ ಓದುವ ಕ್ಯಾಮೆರಾಗಳು ವಿಮಾ ದಾಖಲೆಗಳೊಡನೆ ಹೋಲಿಸಿ ನೋಡುವುದರಿಂದ ಸಿಕ್ಕಿಬೀಳುವುದು ಸುಲಭ. ಪೊಲೀಸರಿಗೆ ಕಾರನ್ನು ಅಲ್ಲಿಯೇ ವಶಪಡಿಸಿಕೊಳ್ಳುವ ಅಧಿಕಾರವಿದೆ.

2011ರಿಂದ ಇನ್ನೊಂದು ನಿಯಮವೂ ಜಾರಿಯಲ್ಲಿದೆ. ಕಾರು ಓಡಲಿ, ಓಡದಿರಲಿ, ನೋಂದಾಯಿತ ಕೀಪರ್ ಆದವರು ಅದಕ್ಕೆ ಸದಾಕಾಲ ವಿಮೆ ಇಟ್ಟಿರಬೇಕು. ಇಲ್ಲವೇ ಕಾರನ್ನು ರಸ್ತೆಗೆ ಇಳಿಸುವುದಿಲ್ಲವೆಂಬ ಅಧಿಕೃತ ಘೋಷಣೆ ಸಲ್ಲಿಸಬೇಕು. ತಪ್ಪಿದರೆ 100 ಪೌಂಡ್ ದಂಡ. ನ್ಯಾಯಾಲಯದಲ್ಲಿ ಅದು 1,000 ಪೌಂಡ್‌ವರೆಗೆ ಏರಬಹುದು.

ಇವೆಲ್ಲ ಸಣ್ಣ ಮೊತ್ತಗಳು. ನಿಜವಾದ ಅಪಾಯ ಅಪಘಾತದಲ್ಲಿದೆ. ವಿಮೆಯಿಲ್ಲದ ವಾಹನದಿಂದ ಗಾಯಗೊಂಡವರಿಗೆ 1946ರಲ್ಲಿ ಸ್ಥಾಪಿತವಾದ ಮೋಟಾರು ವಿಮಾದಾರರ ಬ್ಯೂರೋ ಪರಿಹಾರ ನೀಡುತ್ತದೆ. ಆದರೆ ಕೊಟ್ಟ ಹಣವನ್ನು ತಪ್ಪಿತಸ್ಥ ಚಾಲಕನಿಂದ ವಸೂಲು ಮಾಡುವ ಹಕ್ಕನ್ನು ಅದು ಬಿಟ್ಟುಕೊಡುವುದಿಲ್ಲ. ಒಬ್ಬ ಗಾಯಾಳುವಿನ ಜೀವನಪರ್ಯಂತದ ಆರೈಕೆಯ ವೆಚ್ಚ ಸಣ್ಣ ಉದ್ದಿಮೆಯೊಂದರ ಬಂಡವಾಳವನ್ನೇ ಮೀರಬಹುದು.

ನೌಕರನ ಕೈಯಲ್ಲಿ ಕಾರು, ಮಾಲೀಕನ ತಲೆಯ ಮೇಲೆ ಹೊಣೆ

ರಸ್ತೆ ಸಂಚಾರ ಕಾಯ್ದೆಯ 143ನೇ ಕಲಮು ವಿಮೆಯಿಲ್ಲದೆ ಚಲಾಯಿಸಿದವನನ್ನು ಮಾತ್ರವಲ್ಲ, ಹಾಗೆ ಚಲಾಯಿಸಲು ಕಾರಣನಾದವನನ್ನೂ ಅನುಮತಿ ಕೊಟ್ಟವನನ್ನೂ ತಪ್ಪಿತಸ್ಥನೆಂದು ಪರಿಗಣಿಸುತ್ತದೆ. ಕಾರು ತನ್ನದಲ್ಲ, ಕೆಲಸದ ನಿಮಿತ್ತ ಓಡಿಸಿದೆ, ವಿಮೆ ಇಲ್ಲವೆಂಬುದು ತನಗೆ ತಿಳಿದಿರಲಿಲ್ಲ, ಹಾಗೆ ಸಂಶಯಪಡಲು ಕಾರಣವೂ ಇರಲಿಲ್ಲ ಎಂದು ಸಾಬೀತುಪಡಿಸಿದ ನೌಕರನಿಗೆ ಅದೇ ಕಲಮು ರಕ್ಷಣೆ ನೀಡುತ್ತದೆ. ಮಾಲೀಕನಿಗೆ ಅಂತಹ ರಕ್ಷಣೆ ಇಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಹುಬ್ಬಳ್ಳಿಯ ವಾಲ್ವ್ ತಯಾರಕರೊಬ್ಬರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಪನಿ ನೋಂದಾಯಿಸಿ, ಅದರ ಹೆಸರಿನಲ್ಲಿ 8,000 ಪೌಂಡಿಗೆ ಹಳೆಯ ಕಾರನ್ನು ಗೊತ್ತುಮಾಡುತ್ತಾರೆ. ಶನಿವಾರ ಸಂಜೆ ಹಣ ಪಾವತಿಯಾಗುತ್ತದೆ. "ಕಾರು ತಂದುಬಿಡಿ, ವಿಮೆ ಸೋಮವಾರ ನೋಡೋಣ" ಎಂದು ಹುಬ್ಬಳ್ಳಿಯಿಂದಲೇ ದೂರವಾಣಿಯಲ್ಲಿ ಹೇಳುತ್ತಾರೆ. ಈ ಒಂದು ಮಾತಿನಿಂದಲೇ ಅವರು ಅಪರಾಧದಲ್ಲಿ ಪಾಲುದಾರರಾಗುತ್ತಾರೆ. ನೌಕರನಿಗೂ ವಿಷಯ ತಿಳಿದಿರುವುದರಿಂದ ಅವನ ರಕ್ಷಣೆಯೂ ಕಳಚಿಹೋಗುತ್ತದೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆ ಸೋಮವಾರದ ವಿಮೆಗೆ ಚೆನ್ನಾಗಿ ಒಪ್ಪುತ್ತದೆ.

ಖರೀದಿಗೆ ಮುನ್ನ

ಕಾರನ್ನು ಆರಿಸಿಕೊಂಡು ಅನಂತರ ವಿಮೆ ಹುಡುಕುವ ಬದಲು, ಮೂರು ನಾಲ್ಕು ಕಾರುಗಳ ನೋಂದಣಿ ಸಂಖ್ಯೆ ಪಡೆದು ಪ್ರತಿಯೊಂದಕ್ಕೂ ವಿಮಾ ದರ ಕೇಳುವುದು ಉತ್ತಮ. ಹೊಸದಾಗಿ ಹೋದವರಿಗೆ ಕಂತು ದುಬಾರಿ. ಕಾರಿನ ಬೆಲೆಯಲ್ಲಿ ಉಳಿಸಿದ ಹಣ ಮೊದಲ ವರ್ಷದ ಕಂತಿನಲ್ಲಿಯೇ ಕರಗಿಹೋಗುವುದುಂಟು.

ಭಾರತದ ಲೈಸೆನ್ಸು ಇರುವವರು ಅಲ್ಲಿ ನಿವಾಸಿಯಾದ ದಿನದಿಂದ 12 ತಿಂಗಳವರೆಗೆ ಕಾರು ಓಡಿಸಬಹುದು. ನಮ್ಮ ಲೈಸೆನ್ಸನ್ನು ಕೊಟ್ಟು ಅಲ್ಲಿನದನ್ನು ಪಡೆಯುವ ಅವಕಾಶವಿಲ್ಲ. ಅಲ್ಲಿನ ಲಿಖಿತ ಮತ್ತು ಚಾಲನಾ ಪರೀಕ್ಷೆಗಳಲ್ಲಿ ತೇರ್ಗಡೆಯಾಗಲೇಬೇಕು. 12 ತಿಂಗಳು ಕಳೆದ ಮೇಲೂ ಹಳೆಯ ಲೈಸೆನ್ಸಿನಲ್ಲಿಯೇ ಓಡಿಸಿದರೆ ಲೈಸೆನ್ಸಿನ ಅಪರಾಧದ ಜೊತೆಗೆ ವಿಮೆಯ ರಕ್ಷಣೆಯೂ ಅಪಾಯಕ್ಕೆ ಸಿಲುಕುತ್ತದೆ.

ಇಲ್ಲಿನ ನೋ ಕ್ಲೇಮ್ ಬೋನಸ್ ವಾಹನಕ್ಕಲ್ಲ, ಪಾಲಿಸಿದಾರನಿಗೆ ಸೇರಿದ್ದು. ಹೊರಡುವ ಮುನ್ನ ನಮ್ಮ ವಿಮಾ ಕಂಪನಿಯಿಂದ ಇಂಗ್ಲಿಷಿನಲ್ಲಿ ಅದರ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು. ಅಲ್ಲಿನ ಎಲ್ಲ ಕಂಪನಿಗಳೂ ಹೊರದೇಶದ ಬೋನಸನ್ನು ಒಪ್ಪುವುದಿಲ್ಲ. ಒಪ್ಪುವ ಕಂಪನಿ ಸಿಕ್ಕರೆ ಆ ಒಂದು ಹಾಳೆಯಿಂದ ಕಂತು ಗಣನೀಯವಾಗಿ ಇಳಿಯಬಹುದು.

ಕಾರಿನ ಪೂರ್ವಾಪರವನ್ನೂ ನೋಡಬೇಕು. ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ಎಂಒಟಿ ಎಂಬ ಸುಸ್ಥಿತಿ ಪರೀಕ್ಷೆ ಕಡ್ಡಾಯ. ಅದರ ಹಿಂದಿನ ಫಲಿತಾಂಶಗಳನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಅಪಘಾತದಲ್ಲಿ ಪೂರ್ಣ ನಷ್ಟವೆಂದು ವಿಮಾ ಕಂಪನಿಗಳು ಕೈಬಿಟ್ಟ ಕಾರುಗಳನ್ನು 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂದು ವರ್ಗೀಕರಿಸಲಾಗುತ್ತಿದೆ. ಎ ಮತ್ತು ಬಿ ವರ್ಗದವು ಮರಳಿ ರಸ್ತೆಗೆ ಬರುವಂತಿಲ್ಲ. ಎಸ್ ಮತ್ತು ಎನ್ ವರ್ಗದವು ದುರಸ್ತಿಯಾಗಿ ಮಾರುಕಟ್ಟೆಗೆ ಬರುತ್ತವೆ. ಅಂತಹ ಕಾರು ಅಗ್ಗವಾಗಿ ಕಂಡರೂ ಅದಕ್ಕೆ ವಿಮೆ ಕೊಡಲು ಕೆಲವು ಕಂಪನಿಗಳು ಹಿಂಜರಿಯುತ್ತವೆ.

ಖರೀದಿಯ ದಿನ

ವಾರ್ಷಿಕ ಪಾಲಿಸಿಯನ್ನು ಕಾರು ಪಡೆಯುವ ದಿನದಿಂದಲೇ, ಸಾಧ್ಯವಾದರೆ ಆ ಗಂಟೆಯಿಂದಲೇ ಆರಂಭವಾಗುವಂತೆ ಮಾಡಿಸಬೇಕು. ಅದು ಸಿದ್ಧವಾಗದಿದ್ದರೆ ಕೆಲವು ಗಂಟೆಗಳಿಂದ ಕೆಲವು ವಾರಗಳವರೆಗಿನ ತಾತ್ಕಾಲಿಕ ಪಾಲಿಸಿಗಳು ದೊರೆಯುತ್ತವೆ. ಅವು ಹೊರದೇಶದ ಲೈಸೆನ್ಸನ್ನು ಒಪ್ಪುತ್ತವೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಎರಡೂ ಸಾಧ್ಯವಾಗದಿದ್ದರೆ ಕಾರನ್ನು ಮಾರಾಟಗಾರನ ಬಳಿಯೇ ಬಿಟ್ಟುಬರುವುದು ಲೇಸು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯಿದೆ. ಕೆಲವು ಪಾಲಿಸಿಗಳಲ್ಲಿ ಇತರರ ಕಾರನ್ನು ಓಡಿಸಲು ಅನುಮತಿ ಇರುತ್ತದೆ. ಅದನ್ನು ನಂಬಿ ಹೊಸದಾಗಿ ಕೊಂಡ ಕಾರನ್ನು ಓಡಿಸಿಕೊಂಡು ಬರುವವರಿದ್ದಾರೆ. ಆದರೆ ಹಣ ಕೊಟ್ಟ ಮೇಲೆ ಅದು ಇತರರ ಕಾರಲ್ಲ, ತಮ್ಮದೇ ಕಾರು. ಆ ಅನುಮತಿ ಸಾಮಾನ್ಯವಾಗಿ ಪಾಲಿಸಿದಾರನ ಸ್ವಂತ ಕಾರಿಗೆ ಅನ್ವಯಿಸುವುದೇ ಇಲ್ಲ.

ಮಾರಾಟಗಾರನಿಂದ ವಿ5ಸಿ ಲಾಗ್ ಬುಕ್ಕಿನ ಹೊಸ ಕೀಪರ್ ಚೀಟಿಯನ್ನು ಪಡೆಯಬೇಕು. ಅದರಲ್ಲಿರುವ 12 ಅಂಕಿಗಳ ಸಂಖ್ಯೆಯಿಂದ ಕೂಡಲೇ ರಸ್ತೆ ತೆರಿಗೆ ಕಟ್ಟಬಹುದು. ಲಾಗ್ ಬುಕ್ ನಮ್ಮ ಆರ್‌ಸಿ ಪುಸ್ತಕದಂತೆ ಕಂಡರೂ ಅದು ಮಾಲೀಕತ್ವದ ಪುರಾವೆಯಲ್ಲ. ಕೀಪರ್ ಯಾರೆಂದು ಮಾತ್ರ ತಿಳಿಸುತ್ತದೆ. ಆದ್ದರಿಂದ ಹಣ ಕೊಟ್ಟ ರಸೀದಿಯನ್ನು ತಪ್ಪದೆ ಪಡೆಯಬೇಕು.

ಅರ್ಜಿಯಲ್ಲಿ ಸತ್ಯಾಂಶ

ಸ್ವಂತ ಓಡಾಟ, ಕೆಲಸದ ಸ್ಥಳಕ್ಕೆ ಹೋಗಿಬರುವುದು, ವ್ಯಾಪಾರದ ಉಪಯೋಗ ಈ ಮೂರನ್ನೂ ವಿಮಾ ಕಂಪನಿಗಳು ಬೇರೆ ಬೇರೆಯಾಗಿ ಕಾಣುತ್ತವೆ. ಗ್ರಾಹಕರ ಭೇಟಿಗೆ, ಮಾದರಿ ಸರಕು ಒಯ್ಯಲು ಬಳಸುವ ಕಾರಿಗೆ ಸ್ವಂತ ಓಡಾಟದ ಪಾಲಿಸಿ ಸಾಲದು. ನೌಕರನು ತನ್ನ ಸ್ವಂತ ಕಾರನ್ನು ಕಂಪನಿಯ ಕೆಲಸಕ್ಕೆ ಬಳಸಿದಾಗಲೂ ಇದೇ ಮಾತು ಅನ್ವಯಿಸುತ್ತದೆ. ಕಂತು ಇಳಿಸುವ ಆಸೆಯಿಂದ ಹಿರಿಯ ನಿರ್ದೇಶಕರನ್ನು ಮುಖ್ಯ ಚಾಲಕರೆಂದು ತೋರಿಸಿ, ವಾಸ್ತವವಾಗಿ ಕಿರಿಯ ನೌಕರನಿಂದ ಓಡಿಸುವುದನ್ನು ಅಲ್ಲಿ ವಂಚನೆಯೆಂದೇ ಪರಿಗಣಿಸಲಾಗುತ್ತದೆ.

ವ್ಯಾಪಾರ ಸಂಸ್ಥೆಗಳ ವಿಮೆಗೆ 2016ರ ಆಗಸ್ಟ್‌ನಿಂದ ಜಾರಿಯಲ್ಲಿರುವ 2015ರ ವಿಮಾ ಕಾಯ್ದೆ ಅನ್ವಯಿಸುತ್ತದೆ. ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ನೀಡಿದರೆ ಕಂಪನಿ ಪಾಲಿಸಿಯನ್ನೇ ರದ್ದುಪಡಿಸಿ ಕಂತನ್ನೂ ಉಳಿಸಿಕೊಳ್ಳಬಹುದು. ದುರುದ್ದೇಶವಿಲ್ಲದ ತಪ್ಪಾಗಿದ್ದು, ಸತ್ಯ ತಿಳಿದಿದ್ದರೆ ಹೆಚ್ಚಿನ ಕಂತು ಪಡೆಯುತ್ತಿದ್ದ ಸಂದರ್ಭದಲ್ಲಿ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕಡಿತಗೊಳಿಸಬಹುದು. 1,200 ಪೌಂಡ್ ಕೊಡಬೇಕಾದಲ್ಲಿ 900 ಕೊಟ್ಟಿದ್ದರೆ ಸಿಗುವುದು ಶೇ. 75 ಮಾತ್ರ. 8,000 ಪೌಂಡ್‌ಗಳ ನಷ್ಟಕ್ಕೆ 6,000. ಉಳಿಸಿದ್ದು 300, ಕಳೆದುಕೊಂಡದ್ದು 2,000.

ಲೆಕ್ಕಪತ್ರದ ದೃಷ್ಟಿಯಿಂದ

ನಮ್ಮಲ್ಲಿ ಕಾರಿನ ವಿಮಾ ಮೌಲ್ಯವನ್ನು ಪಾಲಿಸಿಯ ಆರಂಭದಲ್ಲಿಯೇ ನಿಗದಿಪಡಿಸಲಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ನಷ್ಟ ಸಂಭವಿಸುವ ಕ್ಷಣದ ಮಾರುಕಟ್ಟೆ ಬೆಲೆಯನ್ನಷ್ಟೇ ಕೊಡುತ್ತಾರೆ. ಖರೀದಿ ಬೆಲೆ ಪೂರ್ತಿ ಮರಳಿ ಬರುವುದೆಂದು ಎಣಿಸಬಾರದು. ಕಂತಿನ ಮೇಲೆ ಶೇ. 12ರ ವಿಮಾ ಕಂತು ತೆರಿಗೆ ಇದೆ. ಇದು ಅಲ್ಲಿನ ಮೌಲ್ಯವರ್ಧಿತ ತೆರಿಗೆಯಲ್ಲವಾದ್ದರಿಂದ ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆಯಲಾಗದು. ತಿಂಗಳ ಕಂತುಗಳಲ್ಲಿ ಕಟ್ಟಿದರೆ ಬಹುಪಾಲು ಬಡ್ಡಿ ಸೇರುತ್ತದೆ. ವರ್ಷಕ್ಕೊಮ್ಮೆ ಕಟ್ಟಿ, ಲೆಕ್ಕ ವರ್ಷದಾಚೆಗಿನ ಭಾಗವನ್ನು ಮುಂಗಡ ವೆಚ್ಚವಾಗಿ ತೋರಿಸುವುದು ಲಾಭಕರ.

ಹಣ ಕಳುಹಿಸುವ ಮುನ್ನ

ಬ್ರಿಟನ್ನಿನಲ್ಲಿರುವ ಪ್ರತಿನಿಧಿಗೆ ಕಾರಿನ ಹಣ ಕಳುಹಿಸುವ ಮುನ್ನ ಉದ್ದಿಮೆದಾರರು ಈ ದಾಖಲೆಗಳನ್ನು ಕೇಳಿ ಪಡೆಯಬೇಕು:

1. ಪಾಲಿಸಿಯ ಪ್ರತಿ: ವಿಮೆದಾರರ ಹೆಸರು, ಆರಂಭದ ದಿನ ಮತ್ತು ಗಂಟೆ, ಕಾರಿನ ಸಂಖ್ಯೆ.

2. ಕಾರು ಓಡಿಸುವ ಪ್ರತಿಯೊಬ್ಬರ ಹೆಸರು ಮತ್ತು ಅವರ ಲೈಸೆನ್ಸಿನ ಅವಧಿ ಮುಗಿಯುವ ದಿನ.

3. ವ್ಯಾಪಾರದ ಉಪಯೋಗಕ್ಕೆ ಪಾಲಿಸಿಯಲ್ಲಿ ಸ್ಪಷ್ಟ ಒಪ್ಪಿಗೆ.

4. ಮಧ್ಯವರ್ತಿಯ ಮೂಲಕ ಮಾಡಿಸಿದ್ದರೆ, ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಆತನ ಹೆಸರು ಇರುವ ಬಗ್ಗೆ ಖಾತರಿ. ಸಾಮಾಜಿಕ ಜಾಲತಾಣಗಳಲ್ಲಿ ಅಗ್ಗದ ನಕಲಿ ಪಾಲಿಸಿ ಮಾರುವವರ ಹಾವಳಿ ಅಲ್ಲಿಯೂ ಇದೆ.

ಈ ನಾಲ್ಕನ್ನು ಪರಿಶೀಲಿಸಲು ಅರ್ಧ ದಿನ ಸಾಕು. ಕಾರಿನ ಖರೀದಿ ಒಂದು ದಿನ ತಡವಾದರೆ ಆಗುವ ನಷ್ಟ ಟ್ಯಾಕ್ಸಿಯ ಬಾಡಿಗೆಯಷ್ಟೇ. ಪಾಲಿಸಿ ಒಂದು ದಿನ ತಡವಾದರೆ ಆಗಬಹುದಾದ ನಷ್ಟಕ್ಕೆ ಅಂದಾಜು ಪಟ್ಟಿ ಬರೆಯಲು ಯಾವ ಲೆಕ್ಕಪರಿಶೋಧಕನಿಂದಲೂ ಸಾಧ್ಯವಿಲ್ಲ.