ಹೊಳಲ್ಕೆರೆಯ ನೆತ್ತಿಯ ಮೇಲೊಂದು ಗಾಮಾ ಮಿಂಚು

2022ರ ಅಕ್ಟೋಬರ್ 9, ಭಾನುವಾರ. ಅಂದು ಸೀಗೆ ಹುಣ್ಣಿಮೆ. ಹೊಲಕ್ಕೆ ಪೂಜೆ ಮಾಡಿ ಚರಗ ಚೆಲ್ಲುವ ದಿನ. ಸೂರ್ಯ ಮುಳುಗಿ ಅರ್ಧ ಗಂಟೆ ದಾಟಿತ್ತು, ಮೂಡಣದಲ್ಲಿ ಚಂದ್ರ ಏರುತ್ತಿದ್ದ. ಸಂಜೆ 6 ಗಂಟೆ 47 ನಿಮಿಷಕ್ಕೆ ಒಂದು ಗಾಮಾ ಕಿರಣ ಸ್ಫೋಟದ ಬೆಳಕು ಭೂಮಿಗೆ ಬಂದು ಮುಟ್ಟಿತು. ಉಪಕರಣಗಳು ಇದುವರೆಗೆ ದಾಖಲಿಸಿರುವ ಇಂಥ ಸ್ಫೋಟಗಳಲ್ಲೆಲ್ಲ ಅತ್ಯಂತ ಪ್ರಖರವಾದದ್ದು ಅದೇ. ಅದು ಬಂದ ದಿಕ್ಕು ಅಭಿಜಿತ್ ಮತ್ತು ಶ್ರವಣ ನಕ್ಷತ್ರಗಳ ನಡುವೆ, ಶ್ರವಣಕ್ಕೆ ತುಸು ಹತ್ತಿರ. ಲೆಕ್ಕ ಹಾಕಿದರೆ ಆ ಗಳಿಗೆಯಲ್ಲಿ ಆ ಜಾಗ ಹೊಳಲ್ಕೆರೆಯ ನೆತ್ತಿಯಿಂದ ಬರೀ ಏಳೆಂಟು ಡಿಗ್ರಿ ಆಚೆಗಿತ್ತು. ಆ ಊರಿನ ಬಯಲು ಗಣಪನ ಮುಂದೆ ನಿಂತು ಯಾರಾದರೂ ತಲೆ ಎತ್ತಿದ್ದರೂ ಏನೂ ಕಾಣುತ್ತಿರಲಿಲ್ಲ.

ಕಾರಣ ಸರಳ. ಗಾಮಾ ಕಿರಣವೂ ಬೆಳಕೇ, ಆದರೆ ನಮ್ಮ ಕಣ್ಣು ಹಿಡಿಯುವ ಬೆಳಕಿಗಿಂತ ಅದರ ಒಂದೊಂದು ಕಣದ ಶಕ್ತಿ ಲಕ್ಷಾಂತರ ಪಟ್ಟು ಹೆಚ್ಚು. ನಮ್ಮ ಪುಣ್ಯಕ್ಕೆ ವಾತಾವರಣ ಅದನ್ನು ಮೇಲೆಯೇ ಹೀರಿಕೊಳ್ಳುತ್ತದೆ. ಹಾಗಾಗಿಯೇ ಈ ಸ್ಫೋಟಗಳ ಸುದ್ದಿ ಮನುಷ್ಯನಿಗೆ ಗೊತ್ತಾದದ್ದು ಉಪಗ್ರಹಗಳು ಬಂದ ಮೇಲೆ. ಅದೂ ಆಕಸ್ಮಿಕವಾಗಿ. ಕದ್ದುಮುಚ್ಚಿ ಪರಮಾಣು ಪರೀಕ್ಷೆ ನಡೆಯುತ್ತಿದೆಯೇ ಎಂದು ಕಾಯಲು ಅಮೆರಿಕ ಹಾರಿಬಿಟ್ಟಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಒಂದು ಗಾಮಾ ಮಿಂಚನ್ನು ಕಂಡವು. ಅದು ಬಾಂಬಿನದಲ್ಲ, ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲ. ವಿಷಯ ಜಗತ್ತಿಗೆ ಪ್ರಕಟವಾದದ್ದು 1973ರಲ್ಲಿ.

2022ರ ಆ ಸಂಜೆ ಮೊದಲು ಕಂಡದ್ದು ಫರ್ಮಿ ಉಪಗ್ರಹಕ್ಕೆ. ಮೊದಲು ಒಂದು ಸಣ್ಣ ಮಿಂಚು, ಆಮೇಲೆ ಹೆಚ್ಚುಕಡಿಮೆ ಮೂರು ನಿಮಿಷ ಸುಮ್ಮನೆ, ನಂತರ ಒಮ್ಮೆಲೇ ಮಹಾಪೂರ. ಎಣಿಸಲಾಗದಷ್ಟು ಕಣಗಳು ನುಗ್ಗಿ ಉಪಗ್ರಹಗಳ ಪತ್ತೆಗಾರ ಯಂತ್ರಗಳು ತಬ್ಬಿಬ್ಬಾದವು. ಸ್ವಿಫ್ಟ್ ಉಪಗ್ರಹಕ್ಕೆ ಆಗ ಭೂಮಿಯೇ ಅಡ್ಡ ಬಂದಿತ್ತು. ನಮ್ಮ ಗಡಿಯಾರದ ಪ್ರಕಾರ 7 ಗಂಟೆ 40 ನಿಮಿಷಕ್ಕೆ ಅದರ ಕಣ್ಣಿಗೂ ಬಿತ್ತು. ಅಷ್ಟು ಹೊತ್ತಾದ ಮೇಲೂ ಎಷ್ಟು ಪ್ರಖರವಾಗಿತ್ತೆಂದರೆ, ಇದು ನಮ್ಮದೇ ಹಾಲುಹಾದಿಯ ಯಾವುದೋ ಹೊಸ ಎಕ್ಸ್-ರೇ ಮೂಲವಿರಬೇಕೆಂದು ವಿಜ್ಞಾನಿಗಳು ಮೊದಲಿಗೆ ಭಾವಿಸಿದರು. ನಿಜವಾಗಿ ಆ ಬೆಳಕು ಸುಮಾರು 190 ಕೋಟಿ ವರ್ಷ ಪಯಣಿಸಿ ಬಂದಿತ್ತು. ಅದು ಹೊರಟಾಗ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ದಿಂಬುಶಿಲೆಗಳು, ಅಂದರೆ ಸಮುದ್ರದಡಿ ಉಕ್ಕಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ, ಆಗಲೇ ಐವತ್ತು ಕೋಟಿ ವರ್ಷಕ್ಕೂ ಹಳೆಯವಾಗಿದ್ದವು.

ಇಷ್ಟು ದೂರದ ಸ್ಫೋಟದ ಒಳಗುಟ್ಟನ್ನು ತಿಳಿಯುವುದು ಹೇಗೆ? ಬೆಳಕು ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಬೇಗ ಏರಿಳಿಯುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ಗಾಮಾ ಸ್ಫೋಟಗಳ ಬೆಳಕು ಕೆಲವೊಮ್ಮೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹೆಚ್ಚಿ ಕುಗ್ಗುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕೇ ಸಾಗುವುದು 300 ಕಿಲೋಮೀಟರ್. ಒಂದು ವಸ್ತುವಿನ ಈ ತುದಿಯಿಂದ ಆ ತುದಿಗೆ ಬೆಳಕಿಗಿಂತ ಬೇಗ ಏನೂ ಮುಟ್ಟಲಾರದು. ಆದ್ದರಿಂದ ಒಟ್ಟಿಗೇ ಮಿನುಗುವ ಮೂಲ ಅಷ್ಟೇ ಚಿಕ್ಕದಿರಬೇಕು.

ಇಲ್ಲೊಂದು ಪೇಚು ಹುಟ್ಟುತ್ತದೆ. ಬೆಂಗಳೂರು–ಹೊಳಲ್ಕೆರೆ ಅಂತರಕ್ಕಿಂತ ಅಷ್ಟೇನೂ ದೊಡ್ಡದಲ್ಲದ ಜಾಗದಲ್ಲಿ ಅಷ್ಟೊಂದು ಗಾಮಾ ಕಣಗಳನ್ನು ತುರುಕಿದರೆ ಅವು ಒಂದಕ್ಕೊಂದು ಢಿಕ್ಕಿ ಹೊಡೆದು ಇಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗಿ ಬಿಡುತ್ತವೆ. ಬೆಳಕು ಹೊರಬರುವುದೇ ಇಲ್ಲ. ಆದರೂ ಬಂದಿದೆ. ಬಿಡಿಸುವ ದಾರಿ ಒಂದೇ: ಬೆಳಕು ಸೂಸುವ ದ್ರವ್ಯವೇ ನಮ್ಮ ಕಡೆಗೆ ಬೆಳಕಿನ ವೇಗದ ಶೇಕಡಾ 99.99ಕ್ಕೂ ಮಿಗಿಲಾದ ವೇಗದಲ್ಲಿ ನುಗ್ಗುತ್ತಿರಬೇಕು.

ಆ ವೇಗದಲ್ಲಿ ಕಾಲದ ಲೆಕ್ಕವೇ ಬದಲಾಗುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಬಸ್ಸೊಂದು ಹೊರಟಿದೆ ಎನ್ನಿ. ಬಸ್ಸು ಬಿಡುವಾಗ ಒಬ್ಬ ಬೈಕಿನವನು ಜೊತೆಗೇ ಹೊರಟ. ಅವನ ವೇಗ ಬಸ್ಸಿಗಿಂತ ಕೂದಲೆಳೆಯಷ್ಟು ಹೆಚ್ಚು. ಅರ್ಧ ಗಂಟೆಯ ಮೇಲೆ ಬಸ್ಸು ಇರುವಲ್ಲಿಂದಲೇ ಇನ್ನೊಬ್ಬ ಬೈಕಿನವನು ಹೊರಟ. ಹೊರಟದ್ದು ಅರ್ಧ ಗಂಟೆಯ ಅಂತರದಲ್ಲಾದರೂ ಹೊಳಲ್ಕೆರೆಗೆ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತಾರೆ. ಇಲ್ಲಿ ಬಸ್ಸು ಸಿಡಿದ ದ್ರವ್ಯ, ಬೈಕು ಬೆಳಕು. ದ್ರವ್ಯದ ವೇಗ ಬೆಳಕಿನ ಶೇಕಡಾ 99.995ರಷ್ಟಿದ್ದರೆ ಅಂತರ ಇಪ್ಪತ್ತು ಸಾವಿರ ಪಟ್ಟು ಕುಗ್ಗುತ್ತದೆ. ಅಲ್ಲಿ ಒಂದು ಇಡೀ ದಿನ ನಡೆದದ್ದು ನಮಗೆ ನಾಲ್ಕು ಸೆಕೆಂಡಿನ ಆಟವಾಗಿ ಕಾಣುತ್ತದೆ. ಹೀಗಾಗಿ ಬೆಳಕು ಹೊರಡುವ ಜಾಗ ನಾವು ಮೊದಲು ಲೆಕ್ಕ ಹಾಕಿದ 300 ಕಿಲೋಮೀಟರಿಗಿಂತ ಬಹಳ ದೊಡ್ಡದು. ಅಲ್ಲಿ ಕಣಗಳಿಗೆ ಢಿಕ್ಕಿಯಿಲ್ಲದೆ ಹೊರಬೀಳಲು ಜಾಗವಿದೆ.

ಇಂಥ ವೇಗದ ದ್ರವ್ಯ ಎಲ್ಲ ದಿಕ್ಕಿಗೂ ಸಿಡಿಯುವುದಿಲ್ಲ, ಕಿರಿದಾದ ಎರಡು ಧಾರೆಗಳಾಗಿ ಚಿಮ್ಮುತ್ತದೆ. 2022ರ ಸ್ಫೋಟ ಎಲ್ಲ ಕಡೆಗೂ ಸಮನಾಗಿ ಬೆಳಗಿತೆಂದು ಲೆಕ್ಕ ಹಾಕಿದರೆ, ಅದರ ಶಕ್ತಿ ನಮ್ಮ ಸೂರ್ಯ ತನ್ನ 1000 ಕೋಟಿ ವರ್ಷದ ಆಯುಷ್ಯದಲ್ಲಿ ಸೂಸುವುದರ ಸಾವಿರಾರು ಪಟ್ಟು ಬರುತ್ತದೆ. ಆದರೆ ಚೀನಾದ ಲಾಸೋ ವೀಕ್ಷಣಾಲಯ ಆ ಧಾರೆಯ ಒಳತಿರುಳಿನ ಅರ್ಧಕೋನ ಒಂದು ಡಿಗ್ರಿಗೂ ಕಡಿಮೆ ಎಂದು ಅಳೆಯಿತು. ನಾವು ಆ ಸಣ್ಣ ಧಾರೆಯ ಎದುರಿಗೇ ಇದ್ದೆವು. ಇಷ್ಟು ಪ್ರಖರವಾದದ್ದು ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದೆಂಬುದು ತಜ್ಞರ ಅಂದಾಜು.

ಧಾರೆ ಹುಟ್ಟುವ ದಾರಿ ಎರಡು. ಭಾರೀ ನಕ್ಷತ್ರದ ಒಡಲು ಕುಸಿದು ಕಪ್ಪುರಂಧ್ರವಾದಾಗ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ದೀರ್ಘವಾದ ಸ್ಫೋಟ. ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದಾದಾಗ ಸಾಮಾನ್ಯವಾಗಿ ಚುಟುಕು ಸ್ಫೋಟ. 2017ರ ಆಗಸ್ಟ್ 17ರಂದು ಅಂಥ ಒಂದು ವಿಲೀನ ಎಬ್ಬಿಸಿದ ಗುರುತ್ವ ಅಲೆ ಬಂದು 1.7 ಸೆಕೆಂಡಿಗೆ ಗಾಮಾ ಮಿಂಚೂ ಬಂದಾಗ ಎರಡನೆಯದಕ್ಕೆ ನೇರ ಸಾಕ್ಷಿ ಸಿಕ್ಕಿತು. 13 ಕೋಟಿ ಜ್ಯೋತಿರ್ವರ್ಷದ ಓಟದಲ್ಲಿ ಎರಡರ ನಡುವೆ ಬರೀ 1.7 ಸೆಕೆಂಡು! ಗುರುತ್ವ ಅಲೆಯ ವೇಗವೂ ಬೆಳಕಿನ ವೇಗವೂ ಒಂದೇ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? ಕುಸಿತಕ್ಕೆ ದೀರ್ಘ, ವಿಲೀನಕ್ಕೆ ಚುಟುಕು ಎಂಬ ನಿಯಮಕ್ಕೆ ಅಪವಾದಗಳೂ ಇವೆ. 2021ರ ಡಿಸೆಂಬರ್ 11ರ ಸ್ಫೋಟ ಐವತ್ತು ಸೆಕೆಂಡಿನಷ್ಟು ನಡೆದರೂ ವಿಲೀನದ ಲಕ್ಷಣ ತೋರಿತು.

ಮಿಂಚು ಆರಿದ ಮೇಲೂ ಕಥೆ ಮುಗಿಯುವುದಿಲ್ಲ. ಧಾರೆ ಸುತ್ತಲಿನ ಅನಿಲಕ್ಕೆ ಬಡಿದು ನಿಧಾನವಾಗುತ್ತಾ ಎಕ್ಸ್-ರೇ, ಕಣ್ಣಿಗೆ ಕಾಣುವ ಬೆಳಕು, ರೇಡಿಯೊ ಅಲೆಗಳಲ್ಲಿ ದಿನಗಟ್ಟಲೆ, ತಿಂಗಳುಗಟ್ಟಲೆ ಮಿಣುಕುತ್ತದೆ. ಸ್ಫೋಟದ ದೂರ ಗೊತ್ತಾಗುವುದು ಈ ಉಳಿಬೆಳಕಿನಿಂದ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ, ಚಂದ್ರ ಹೆಸರಿನ ದೂರದರ್ಶಕ ಇಂಥ ಬೆಳಕನ್ನು ಹಿಡಿಯುತ್ತದೆ. ಅದನ್ನು ನಡೆಸುವವರು ಕೂತಿರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ.

ಗಾಮಾ ಮಿಂಚನ್ನೇ ಹಿಡಿಯಲು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಅದರ ಕ್ಯಾಡ್ಮಿಯಂ ಜಿಂಕ್ ಟೆಲ್ಲುರೈಡ್ ಉಪಕರಣ, ಕೆಲಸ ಶುರುಮಾಡಿದ ಮೊದಲ ದಿನವೇ, ಅಕ್ಟೋಬರ್ 6ರಂದು, ಒಂದು ಸ್ಫೋಟವನ್ನು ಕಂಡಿತು. 2023ರ ಹೊತ್ತಿಗೆ ಲೆಕ್ಕ 600 ದಾಟಿತ್ತು. ಉಪಗ್ರಹದ ನಿಯಂತ್ರಣ ಬೆಂಗಳೂರಿನಿಂದ. ದತ್ತಾಂಶ ಬರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳಿಗೆ.

ಈ ದತ್ತಾಂಶವನ್ನು ಇಸ್ರೋ ಸಾರ್ವಜನಿಕರಿಗೆ ತೆರೆದಿಟ್ಟಿದೆ, ಫರ್ಮಿಯದೂ ಉಚಿತ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟ್ರುಗಳು ಒಂದು ಸ್ಫೋಟದ ಅಂಕಿಗಳನ್ನು ಇಳಿಸಿಕೊಂಡು ಗ್ರಾಫ್ ಹಾಳೆಯ ಮೇಲೆ ಬರೆಸಲಿ. ಎಷ್ಟು ಸೆಕೆಂಡು ನಡೆಯಿತು, ಎಷ್ಟು ಬೇಗ ಮಿನುಗಿತು ಎಂದು ಅಳೆದರೆ, ಸತ್ತದ್ದು ನಕ್ಷತ್ರವೋ ಕೂಡಿಕೊಂಡದ್ದು ನಕ್ಷತ್ರಗಳೋ ಎಂದು ವಿದ್ಯಾರ್ಥಿಗಳೇ ವಾದಿಸಬಲ್ಲರು. ಅದಕ್ಕೆ ದೂರದರ್ಶಕ ಬೇಡ, ಒಂದು ಕಂಪ್ಯೂಟರ್ ಮತ್ತು ಒಂದು ಮಧ್ಯಾಹ್ನ ಸಾಕು.