ಕಡಲಾಚೆಗೆ ಹೋದ ತೋಟದ ನಕ್ಷೆಗಳು

ಇಂಗ್ಲೆಂಡಿನ ಉದ್ಯಾನಗಳಿಗೆ ಹೊಸ ಚಹರೆ ಕೊಟ್ಟ ಗರ್ಟ್ರೂಡ್ ಜೀಕಲ್ ಅವರ ಕೈಬರಹದ ನಕ್ಷೆಗಳ ಬಹುಪಾಲು ಇಂದು ಇರುವುದು ಅಮೆರಿಕದ ಬರ್ಕ್ಲಿಯಲ್ಲಿ. ದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಲಟ್ಯನ್ಸ್ ಜೊತೆ ಹತ್ತಾರು ತೋಟಗಳನ್ನು ಮಾಡಿದ ಜೀಕಲ್ 1932ರಲ್ಲಿ ತೀರಿಕೊಂಡರು. ಅಷ್ಟು ಹೆಸರಿದ್ದರೂ ಆಕೆಯ ಕಾಗದಪತ್ರಗಳನ್ನು ಒಂದೆಡೆ ಉಳಿಸಿಕೊಳ್ಳುವ ಆಸ್ಥೆ ತವರುನೆಲದಲ್ಲಿ ಕಾಣಲಿಲ್ಲ. 1948ರಲ್ಲಿ ಅವನ್ನು ಕೊಂಡವರು ಅಮೆರಿಕದ ಉದ್ಯಾನಶಿಲ್ಪಿ ಬಿಯಾಟ್ರಿಕ್ಸ್ ಫ್ಯಾರಂಡ್.

ಫ್ಯಾರಂಡ್ ಸಾಮಾನ್ಯರಲ್ಲ. 1899ರಲ್ಲಿ ಅಮೆರಿಕದ ಉದ್ಯಾನಶಿಲ್ಪಿಗಳ ಸಂಘ ಕಟ್ಟಿದ ಹನ್ನೊಂದು ಮಂದಿಯಲ್ಲಿ ಇವರೊಬ್ಬರೇ ಹೆಣ್ಣು. ಮೇಯ್ನ್ ರಾಜ್ಯದ ಬಾರ್ ಹಾರ್ಬರಿನಲ್ಲಿದ್ದ ತಮ್ಮ ಮನೆ ರೀಫ್ ಪಾಯಿಂಟನ್ನು ತೋಟ, ಗ್ರಂಥಾಲಯ, ಒಣಗಿಸಿದ ಸಸ್ಯಗಳ ಸಂಗ್ರಹ ಎಲ್ಲ ಸೇರಿದ ಕಲಿಕೆಯ ತಾಣವಾಗಿಸುವುದು ಅವರ ಆಸೆ. ಆದರೆ 1947ರ ಕಾಡ್ಗಿಚ್ಚು ಊರಿನ ಆದಾಯದ ಮೂಲವನ್ನೇ ಸುಟ್ಟಿತು. ತಮ್ಮ ನಂತರ ತೋಟ ನೋಡಿಕೊಳ್ಳುವವರಿಲ್ಲವೆಂದು ಮನಗಂಡ ಫ್ಯಾರಂಡ್ 1955ರಲ್ಲಿ ಗಟ್ಟಿ ಮನಸ್ಸು ಮಾಡಿ ಮನೆಯನ್ನು ಕೆಡವಿಸಿದರು, ಗಿಡಗಳನ್ನು ಕಿತ್ತು ಮಾರಿದರು. ಆದರೆ ಕಾಗದವನ್ನು ಮಾತ್ರ ಬಿಡಲಿಲ್ಲ: ಪುಸ್ತಕ, ನಕ್ಷೆ, ಪತ್ರಗಳೆಲ್ಲ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದವು. ಜೀಕಲ್ ಕಡತಗಳೂ ಅವುಗಳ ಜೊತೆಗೇ ಹೊರಟವು.

ಆ ನಕ್ಷೆಗಳನ್ನು ಓದುವುದು ಸುಲಭವಲ್ಲ. ದೃಷ್ಟಿ ಮಂದವಾಗಿದ್ದ ಜೀಕಲ್, ಪಾತಿಯೊಳಗೆ ಉದ್ದುದ್ದ ಎಳೆದ ಆಕಾರಗಳನ್ನು ಬರೆದು, ಒಂದೊಂದರಲ್ಲೂ ಗಿಡದ ಹೆಸರು, ಎಷ್ಟು ಸಸಿ ಎಂಬುದನ್ನು ಅವಸರದ ಅಕ್ಷರದಲ್ಲಿ ತುಂಬುತ್ತಿದ್ದರು. ಎಷ್ಟೋ ತೋಟಗಳನ್ನು ಅವರು ಹೋಗಿ ನೋಡಿದವರೇ ಅಲ್ಲ. ಅಳತೆಪಟ ತರಿಸಿಕೊಂಡು ಮನೆಯಲ್ಲಿ ಕೂತೇ ಬರೆದುಕೊಟ್ಟರು. ಅಂಥವುಗಳಿಗೆ ಕಾಗದವೇ ಮೂಲಸಾಕ್ಷಿ.

ಅದರ ಬೆಲೆ ತಿಳಿದದ್ದು ಹ್ಯಾಂಪ್‌ಷೈರಿನ ಅಪ್ಟನ್ ಗ್ರೇಯಲ್ಲಿ. 1908ರಲ್ಲಿ ಜೀಕಲ್ ರೂಪಿಸಿದ್ದ ಅಲ್ಲಿನ ತೋಟ ಕಳೆ ಬೆಳೆದು ಗುರುತೇ ಸಿಗದಂತಾಗಿತ್ತು. 1980ರ ದಶಕದಲ್ಲಿ ಮನೆ ಕೊಂಡ ವಾಲಿಂಜರ್ ದಂಪತಿ ಬರ್ಕ್ಲಿಯ ನಕ್ಷೆಗಳ ನಕಲು ತರಿಸಿ, ಪಾತಿ ಪಾತಿಯಾಗಿ ಅದನ್ನು ಮತ್ತೆ ನೆಟ್ಟರು.

ಈಚೆಗೆ ಸರ್ರಿಯ ಉದ್ಯಾನ ಟ್ರಸ್ಟ್ ಮತ್ತು ಬರ್ಕ್ಲಿಯ ಸಂಗ್ರಹಾಲಯ ಕೂಡಿ ಕಡತಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿವೆ. ಚಿತ್ರ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯದು. ಜೀಕಲ್ 'ಮೆಗಾಸಿಯಾ' ಎಂದು ಬರೆದ ಗಿಡವನ್ನು ಇಂದಿನ ನರ್ಸರಿಯವರು 'ಬರ್ಜೀನಿಯಾ' ಎನ್ನುತ್ತಾರೆ. ಕೈಬರಹವನ್ನು ಓದಿ, ಹಳೆಯ ಹೆಸರಿನ ಪಕ್ಕ ಹೊಸದನ್ನು ಬರೆದಿಡುವ ಸಸ್ಯಜ್ಞಾನಿಯ ಕೆಲಸವನ್ನು ಯಂತ್ರಕ್ಕೆ ಪೂರ್ತಿ ವಹಿಸುವಂತಿಲ್ಲ.